ಅವನ ಪಾಲಿಗೆ ತೌಡು

ಬೆಳ್ಳೂರು ಕ್ರಾಸ್
14 ಜುಲೈ 2024

ಅವ್ವಾ,

ಕೆಲಸ ಸಿಕ್ಕಿತು. ಮಂಜುನಾಥನೇ ಎದುರು ಕೂರಿಸಿಕೊಂಡು ಮಾತಾಡಿದ. ನನ್ನ ಮುಖದಲ್ಲಿ ತಮ್ಮನ ಮುಖ ಕಂಡುಬಿಡುತ್ತದೆ ಎಂದು ನೀನು ಹೆದರಿದ್ದೆಯಲ್ಲ, ಅವನಿಗೆ ಏನೂ ಕಾಣಲಿಲ್ಲ. ದಿಲೀಪನನ್ನು ಬೆಟ್ಟಕ್ಕೆ ಕರೆದೊಯ್ದವನು ಇವನೇ ಆದರೂ, ದಿಲೀಪ ತೀರಿಕೊಂಡ ದಿನ ಮಾತಾಡಿದ್ದು ಅಪ್ಪನ ಜೊತೆ ಮಾತ್ರ. ನಾನು ಮಂಡ್ಯದಿಂದ ಘಟ್ಟದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀಪು ಹತ್ತಿ ಹೋಗಿಬಿಟ್ಟಿದ್ದ. ಊರು ಕೇಳಿದ. ಕೆ.ಆರ್. ಪೇಟೆ ಅಂದೆ, ಚಿಕ್ಕಮ್ಮನ ವಿಳಾಸ ಬರೆದುಕೊಟ್ಟೆ.

"ಆಸ್ಪತ್ರೇಲಿ ಡಯಟೀಷಿಯನ್ ಆಗಿದ್ದೋರು ಬೆಟ್ಟ ಅತ್ತೋರ ಜೊತೆ ಯಾಕ್ರೀ?" ಅಂದ.

"ರೋಗಿಗಳಿಗೆ ಗಂಜಿ ಅಳೆದು ಬೇಜಾರಾಗಿದೆ ಸಾರ್" ಅಂದೆ. ನಕ್ಕ. ನಗುವಾಗ ಒಳ್ಳೆಯ ಮನುಷ್ಯನ ಹಾಗೆ ಕಾಣುತ್ತಾನೆ.

ಇವರ ಉಗ್ರಾಣ ಹೆದ್ದಾರಿ ಪಕ್ಕದ ಒಂದು ಹೋಟೆಲಿನ ಹಿಂದಿದೆ. ಬೆಂಗಳೂರಿನಿಂದ ಬರುವವರು ಇಲ್ಲಿ ಇಳಿದು, ಚೀಲ ಹೊಂದಿಸಿಕೊಂಡು, ಜೀಪಿನಲ್ಲಿ ಘಟ್ಟದ ಬೆಟ್ಟಗಳಿಗೆ ಹೋಗುತ್ತಾರೆ. ಎರಡು ದಿನ, ಮೂರು ದಿನದ ನಡಿಗೆ. ಇಷ್ಟು ದಿನ ಅಂಗಡಿಯ ನೂಡಲ್ಸು, ಬಿಸ್ಕತ್ತು ಕಟ್ಟಿಕೊಂಡು ಹೋಗುತ್ತಿದ್ದರು. ಹೋದ ಮಾಘದ ಸಾವಿನ ಮೇಲೆ ಬರುವವರೆಲ್ಲ "ಊಟಕ್ಕೇನು ವ್ಯವಸ್ಥೆ?" ಎಂದು ಕೇಳುತ್ತಾರಂತೆ. ಅದಕ್ಕೇ ನಾನು ಬೇಕಾಗಿದ್ದೇನೆ. ನಮ್ಮ ದಿಲೀಪನ ಸಾವೇ ನನಗೆ ಇಲ್ಲಿ ಕೆಲಸ ಕೊಡಿಸಿತು, ನೋಡು.

ಅವನಿಗೆ ಬೇಕಾದದ್ದು ಇಷ್ಟು: ಹೊರಲು ಹಗುರ ಇರಬೇಕು, ಕೆಡಬಾರದು, ಬಿಸಿನೀರು ಹುಯ್ದರೆ ಊಟವಾಗಬೇಕು, ತಿಂದವರು ಸಂಜೆವರೆಗೆ ಬೀಳದೆ ನಡೆಯಬೇಕು. ನಮ್ಮೂರಿನ ಹಿಟ್ಟು ಪುಡಿಗಳಲ್ಲೇ ಮಾಡಿಸಿಕೊಡುತ್ತೇನೆ ಎಂದಿದ್ದೇನೆ. ಮಾಡುವವರು ಯಾರು ಎಂದು ಕೇಳಿದ. ಪಾಂಡವಪುರ ಕಡೆಯ ಒಬ್ಬ ಹೆಂಗಸು ಅಂದೆ.

ನೀನು ಮಾಡಿಕೊಡಬೇಕು ಅವ್ವಾ. ಆ ನೆಪದಲ್ಲಿ ನಾನು ಇಲ್ಲಿ ಉಳಿಯಬಹುದು. ನೀನು ಕಟ್ಟಿಕೊಟ್ಟ ಬುತ್ತಿ ಏನಾಯಿತು ಎನ್ನುವುದು ಇವರಲ್ಲಿ ಯಾರಿಗಾದರೂ ಗೊತ್ತಿರಲೇಬೇಕು. ದಿಲೀಪ ಹತ್ತನೇ ವಯಸ್ಸಿನಿಂದ ಇನ್ಸುಲಿನ್ ಚುಚ್ಚಿಕೊಂಡವನು. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಏನಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಬುತ್ತಿ ಮರೆತು ಬೆಟ್ಟ ಹತ್ತಿದ ಎಂದರೆ ನಾನು ನಂಬುವುದಿಲ್ಲ.

ಅಂದಿನಿಂದ ನೀನು ಫೋನು ಮುಟ್ಟುವುದಿಲ್ಲ. ಅದಕ್ಕೇ ಈ ಕಾಗದ. ಉತ್ತರ ಬರೆ.

ರಮ್ಯ


ಚಿನಕುರಳಿ
2 ಆಗಸ್ಟ್ 2024

ರಮ್ಯಾ,

ಕಾಗದ ಬಂತು. ಯಾರ ಕೈಲೂ ಓದಿಸಿಕೊಳ್ಳುವ ಹಾಗಿಲ್ಲ, ನಾನೇ ಓದಿಕೊಂಡೆ. ಏಳನೇ ಕ್ಲಾಸಿನವರೆಗೆ ಓದಿದ್ದು ಇದಕ್ಕಾದರೂ ಬಂತು.

ನೀನು ಹೇಳಿದ ಹಾಗೆ ಮಾಡಿ ಚೀಲ ಕಟ್ಟಿದ್ದೇನೆ. ರಾಗಿ ಅರಳಿಸಿ ಹುರಿಹಿಟ್ಟು ಮಾಡಿದೆ. ಅದಕ್ಕೆ ಹುರಿಗಡಲೆ, ಕಡಲೆಕಾಯಿ ಬೀಜ, ಒಣಕೊಬ್ಬರಿ ಪುಡಿ ಸೇರಿಸಿದ್ದೇನೆ. ಬೆಲ್ಲ ಬೇರೆಯಾಗಿ ಪುಡಿ ಮಾಡಿ ಕಟ್ಟಿದ್ದೇನೆ; ಸೇರಿಸಿಟ್ಟರೆ ಮಳೆಗಾಲದಲ್ಲಿ ನೀರೊಡೆಯುತ್ತದೆ. ಮೊಳಕೆ ಕಟ್ಟಿದ ಹುರುಳಿಯನ್ನು ಬೇಯಿಸಿ, ಒಣಗಿಸಿ, ಒರಟಾಗಿ ಬೀಸಿದೆ. ಸಾರಿನ ಪುಡಿ ಜೊತೆ ಅದನ್ನು ಬಿಸಿನೀರಿಗೆ ಹಾಕಿದರೆ ಸಾರಾಗುತ್ತದೆ. ರವೆಯನ್ನು ತುಪ್ಪದಲ್ಲಿ ಹುರಿದು ಒಗ್ಗರಣೆ ಸೇರಿಸಿದೆ. ಬಿಸಿಲು ಇಲ್ಲದ ಆಷಾಢದಲ್ಲಿ ಇದನ್ನೆಲ್ಲ ಒಲೆಯ ಹತ್ತಿರ ಹರವಿಕೊಂಡು ಕೂತಿದ್ದೆ.

ನನ್ನ ಕೈಯಡುಗೆ ಅವನ ಬಾಯಿಗೆ ಹೋಗುತ್ತದೆ ಅಂದರೆ ಕೈ ಬರುವುದಿಲ್ಲ. ಆದರೂ ಮಾಡಿದೆ. ಬಾಣಲೆಯಲ್ಲಿ ರಾಗಿ ಚಟಪಟ ಸಿಡಿಯುವಾಗ ಆ ಮಂಜುನಾಥನ ಹೆಸರು ಹೇಳಿಕೊಂಡೆ. ಹಾಗೆ ಹೇಳಿಕೊಂಡರೆ ಕೆಲಸ ಸಾಗುತ್ತದೆ.

ಇಲ್ಲಿ ಮಾತು ನಿಂತಿಲ್ಲ. ನಿನ್ನೆ ಡೈರಿಗೆ ಹಾಲು ಹಾಕಲು ಹೋದಾಗ, ಪಕ್ಕದ ಮನೆಯ ಅಣ್ಣಮ್ಮ ನನ್ನ ಬೆನ್ನ ಹಿಂದೆಯೇ ಯಾರಿಗೋ ಹೇಳುತ್ತಿದ್ದಳು: "ಸಕ್ರೆ ಕಾಯ್ಲೆ ಮಗನ್ನ ಬರಿಗೈಲಿ ಬೆಟ್ಟುಕ್ಕೆ ಕಳ್ಸುದ್ಲಂತೆ ಕಣವ್ವ. ಒಂದು ತುತ್ತು ಬುತ್ತಿ ಕಟ್ಟಾಕಿಲ್ವಾ ಎತ್ತವ್ಳು?" ಹಾಲಿನ ಕ್ಯಾನು ಅಲ್ಲೇ ಇಟ್ಟು ಬಂದುಬಿಟ್ಟೆ.

ಅಣ್ಣಮ್ಮನ ಮಾತು ಹಾಗಿರಲಿ. ಸಂಸ್ಕಾರ ಮುಗಿಸಿ ಬಂದ ಸಂಜೆ ನಿಮ್ಮಪ್ಪ ಕೇಳಿದರು: "ದಿಟವಾಗ್ಲೂ ಕಟ್ಟಿದ್ಯೇನೆ?"

ಎದ್ದು ಒಳಗೆ ಹೋದೆ. ಇವತ್ತಿನವರೆಗೂ ಆ ಮನುಷ್ಯನ ಜೊತೆ ಬೇಕಾದಷ್ಟಲ್ಲದೆ ಮಾತಿಲ್ಲ.

ಏನು ಕಟ್ಟಿದ್ದೆ ಅಂತ ನಿನಗೊಬ್ಬಳಿಗೆ ಹೇಳುತ್ತೇನೆ. ಹುರಿಹಿಟ್ಟಿನ ಉಂಡೆ, ಅವಲಕ್ಕಿ, ಬೆಲ್ಲದಚ್ಚು, ಬಾಳೆಕಾಯಿ ಚಿಪ್ಸು. ಅವನ ಹಳೆಯ ಕೆಂಪು ಟವಲಿನಲ್ಲಿ ಗಂಟು ಹಾಕಿದ್ದೆ. "ಇಷ್ಟೊಂದು ಯಾಕವ್ವ" ಅಂದ. "ಹೊತ್ಕೊಂಡೋಗು, ಭಾರ ಏನಿಲ್ಲ" ಅಂದಿದ್ದೆ.

ಪುಟ್ಟಗೌರಮ್ಮ


ಬೆಳ್ಳೂರು ಕ್ರಾಸ್
8 ಸೆಪ್ಟೆಂಬರ್ 2024

ಅವ್ವಾ,

ಗೊತ್ತಾಯಿತು.

ಮೊದಲಿನಿಂದ ಹೇಳುತ್ತೇನೆ.

ಹೊಸಬರನ್ನು ಮೊದಲು ಕುಂತಿ ಬೆಟ್ಟಕ್ಕೋ ಕರಿಘಟ್ಟಕ್ಕೋ ಹತ್ತಿಸಿ ನೋಡುತ್ತಾರೆ. ಹೋದ ಭಾನುವಾರ ಕುಂತಿ ಬೆಟ್ಟದ ಬುಡದಲ್ಲಿ ಮಂಜುನಾಥ ಎಲ್ಲರ ಚೀಲವನ್ನೂ ತೂಗುಹಾಕಿ ನೋಡಿದ. ಕೈಯಲ್ಲಿ ಹಿಡಿಯುವ ಕೊಕ್ಕೆಯ ತಕ್ಕಡಿ ಅವನ ಹತ್ತಿರ ಯಾವಾಗಲೂ ಇರುತ್ತದೆ. ತೂಕ ಹೆಚ್ಚಾದರೆ ತಾನೇ ಚೀಲ ಬಿಚ್ಚಿ, ಬೇಡವೆಂದು ತೋರಿದ್ದನ್ನು ತೆಗೆದು ಎಸೆಯುತ್ತಾನೆ. "ಚೀಲ ಅಗುರ ಇದ್ರೆ ಬೆಟ್ಟ ನಮ್ದು" ಅನ್ನುವುದು ಅವನ ಮಂತ್ರ. ಒಬ್ಬ ಹುಡುಗಿಯ ಚೀಲದಿಂದ ಸ್ವೆಟರು ತೆಗೆದ, ಇನ್ನೊಬ್ಬನದರಿಂದ ಪುಸ್ತಕ.

ಜೀಪಿನ ಡ್ರೈವರು ಸಿದ್ದರಾಮು ನನ್ನ ಪಕ್ಕ ನಿಂತಿದ್ದ. ಇವನು ನಾಗಮಂಗಲ ಕಡೆಯವನು, ಒಳ್ಳೆಯವನೇ. ಮುಖ ಆಚೆ ತಿರುಗಿಸಿಕೊಂಡು "ಬಟ್ಟೆ ಬರೆ ತಗುದ್ರೆ ತಗೀಲಿ, ಊಟ ಮಾತ್ರ ತಗೀಬಾರ್ದು" ಅಂದ.

"ಊಟ ಯಾವಾಗ ತೆಗೆದಿದ್ದರು?" ಅಂದೆ.

ಅವನು ಜೀಪಿನ ಕಡೆ ಹೊರಟ. ನಾನು ಬಿಡಲಿಲ್ಲ. ಬರುವ ದಾರಿಯಲ್ಲಿ, ಪಾಂಡವಪುರದ ಹತ್ತಿರ ಕಬ್ಬಿನ ಟ್ರಾಕ್ಟರುಗಳ ಹಿಂದೆ ಜೀಪು ನಿಂತಾಗ ಬಾಯಿಬಿಟ್ಟ.

"ಓದ್ ಮಾಘದಲ್ಲಿ ಒಬ್ಬ ಉಡ್ಗ ತೀರೋದ್ನಲ್ಲ ಮೇಡಂ, ಅವ್ನ ಚೀಲ್ದಲ್ಲಿ ಕೆಂಪು ಟವಲಿನ ಗಂಟೊಂದಿತ್ತು. ಇವ್ರು ಅದ್ನ ಎತ್ತಿ, 'ಇದೇನ್ಲಾ, ನಿಮ್ಮವ್ವ ಮದ್ವೆ ಬುತ್ತಿ ಕಟ್ಟವ್ಳೆ!' ಅಂತ ಎಲ್ರ ಮುಂದೆ ನಗಾಡುದ್ರು. 'ಸಾರ್, ನಂಗೆ ಸಕ್ರೆ ಕಾಯ್ಲೆ, ಅದು ಬೇಕು' ಅಂತ ಕೇಳ್ದ ಉಡ್ಗ. 'ಮ್ಯಾಲೆ ಎಲ್ರಿಗೂ ಊಟ ಅದೆ ಬುಡ್ಲಾ' ಅಂತ ನನ್ ಜೀಪಿಗೆ ಎಸೆದ್ರು."

ಗುಂಪು ದಾರಿ ತಪ್ಪಿ, ಮೇಲಿನ ಊಟ ತಡವಾಯಿತಂತೆ. ದಿಲೀಪ ಹಿಂದೆ ಬಿದ್ದ. ಬೆವರುತ್ತಿದ್ದ, ಮಾತು ತೊದಲುತ್ತಿತ್ತು. ಅವನನ್ನು ಒಂದು ನೇರಳೆ ಮರದ ಪಕ್ಕದ ಬಂಡೆಗೆ ಒರಗಿಸಿ, "ಸುಸ್ತು ಅಷ್ಟೆ, ಕುಂತಿರು, ವಾಪಸ್ ಬತ್ತಾ ಕರ್ಕೊಂಡೋಯ್ತೀವಿ" ಎಂದು ಮಂಜುನಾಥ ಮಿಕ್ಕವರನ್ನು ಕರೆದುಕೊಂಡು ಮುಂದೆ ಹೋದ. ವಾಪಸ್ ಬರುವಾಗ ಜೀವ ಇರಲಿಲ್ಲ. ಸಿದ್ದರಾಮುವೂ ಹೋಗಿ ಹೊತ್ತುಕೊಂಡು ಇಳಿಸಿದ್ದಾನೆ.

ಗಂಟನ್ನು ಏನು ಮಾಡಿದಿರಿ ಎಂದು ಕೇಳಿದೆ. "ಒಳೆಗೆ ಎಸ್ದುಬುಡು ಅಂದ್ರು. ಎಸ್ದೆ" ಅಂದ. ಪೊಲೀಸರ ಮುಂದೆ ಹೇಳುತ್ತೀರಾ ಅಂದರೆ ಕೈ ಮುಗಿದ. ಕೇಸು ಮುಚ್ಚಿಹೋಗಿದೆ, ಇವನ ಒಬ್ಬನ ಮಾತಿಗೆ ತೆರೆಯುವುದಿಲ್ಲ.

ದಿಲೀಪ ಕಾಯಿಲೆ ಹೇಳಿರಲಿಲ್ಲವಂತೆ, ಮನೆಯಿಂದ ಊಟವನ್ನೇ ತಂದಿರಲಿಲ್ಲವಂತೆ. ಇದು ಮಂಜುನಾಥ ಅಪ್ಪನಿಗೆ ಹೇಳಿದ್ದು, ಊರೆಲ್ಲ ಹಬ್ಬಿದ್ದು. ಎರಡೂ ಸುಳ್ಳು.

ನಾನು ಈಗ ಅವನ ಉಗ್ರಾಣದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಆಚೆ ಅವನು ಯಾರಿಗೋ ಬೆಟ್ಟದ ಕಥೆ ಹೇಳಿ ನಗಿಸುತ್ತಿದ್ದಾನೆ.

ರಮ್ಯ


ಚಿನಕುರಳಿ
19 ಸೆಪ್ಟೆಂಬರ್ 2024

ರಮ್ಯಾ,

ಮದುವೆ ಬುತ್ತಿ ಅಂದನೇ?

ನಾಲ್ಕು ದಿನ ಒಲೆ ಹಚ್ಚಲಿಲ್ಲ. ನಿಮ್ಮಪ್ಪ ಅಣ್ಣಮ್ಮನ ಮನೆಯಲ್ಲಿ ಉಂಡರು. ನಿನ್ನ ಕಾಗದ ಅವರಿಗೆ ತೋರಿಸಲಿಲ್ಲ. ಕಾಗದ ನೋಡಿ ನನ್ನನ್ನು ನಂಬುವುದು ಬೇಡ.

ಒಂದು ಮಾತು ಕೇಳುತ್ತೇನೆ, ಬೈಯಬೇಡ. ಕೊಟ್ಟಿಗೆಯ ಅಟ್ಟದಲ್ಲಿ ಭತ್ತಕ್ಕೆ ಹೊಡೆಯುವ ಔಷಧಿ ಅರ್ಧ ಬಾಟ್ಲಿ ಉಳಿದಿದೆ. ಬೆಲ್ಲದ ಪಾಕದಲ್ಲಿ ವಾಸನೆ ಗೊತ್ತಾಗುವುದಿಲ್ಲ. ಅವನೊಬ್ಬನ ಉಂಡೆ ಬೇರೆ ಮಾಡಿ ಗುರುತು ಹಾಕಿ ಕಳಿಸಬಲ್ಲೆ. ಜೈಲಿಗೆ ನಾನು ಹೋಗುತ್ತೇನೆ. ನನಗೆ ಇಲ್ಲಿಗೂ ಅಲ್ಲಿಗೂ ವ್ಯತ್ಯಾಸ ಕಾಣುತ್ತಿಲ್ಲ.

ಹೂಂ ಅನ್ನು, ಸಾಕು.

ಪುಟ್ಟಗೌರಮ್ಮ


ಬೆಳ್ಳೂರು ಕ್ರಾಸ್
27 ಸೆಪ್ಟೆಂಬರ್ 2024

ಅವ್ವಾ,

ಹೂಂ ಅನ್ನುವುದಿಲ್ಲ. ಈ ಕಾಗದ ಮುಟ್ಟಿದ ತಕ್ಷಣ ಆ ಬಾಟ್ಲಿಯನ್ನು ಹೊಲದ ಮೂಲೆಯಲ್ಲಿ ಆಳವಾಗಿ ಹೂತುಬಿಡು. ನಿನ್ನ ಆಣೆ ಅಲ್ಲ, ದಿಲೀಪನ ಆಣೆ.

ಅವನ ಮೇಲೆ ಕರುಣೆ ಬಂದು ಹೇಳುತ್ತಿಲ್ಲ. ವಿಷ ತಿಂದವನು ಗಳಿಗೆಯಲ್ಲಿ ಹೋಗುತ್ತಾನೆ, ಯಾಕೆ ಹೋದೆ ಎನ್ನುವುದೂ ಅವನಿಗೆ ತಿಳಿಯುವುದಿಲ್ಲ. ಅವನು ಹಸಿಯಬೇಕು ಅವ್ವಾ. ಕಾಲು ಏಳದೆ, ಕಣ್ಣು ಮಂಜಾಗಿ, ಕೈಗೆ ಎಟುಕುವಷ್ಟು ಹತ್ತಿರದಲ್ಲಿ ಅನ್ನ ಇದ್ದೂ ಸಿಗದೆ ಕೂರಬೇಕು. ಆಗ ನಾನು ಯಾರು ಎಂದು ಹೇಳುತ್ತೇನೆ.

ಡಿಸೆಂಬರಿನಲ್ಲಿ ಅವನು ತನ್ನ ಹಳೆಯ ಗುಂಪನ್ನು ಕರೆದುಕೊಂಡು ಮೂರು ದಿನದ ದೊಡ್ಡ ನಡಿಗೆ ಹೋಗುತ್ತಾನೆ. ಅದೇ ಬೆಟ್ಟ, ಅದೇ ದಾರಿ. ಊಟ ನೋಡಿಕೊಳ್ಳಲು ನಾನೂ ಹೋಗುತ್ತೇನೆ. ಅವನದೇ ಒಂದು ನಿಯಮ ಇದೆ: ಅವರವರ ಊಟ ಅವರವರ ಚೀಲದಲ್ಲಿ, ಯಾರೂ ಯಾರ ಹತ್ತಿರವೂ ಕೈ ಚಾಚಬಾರದು. ದಿಲೀಪ ಹೋದ ಮೇಲೆ ಮಾಡಿದ ನಿಯಮ! "ನಾನು ಎರಡ್ ದಿನ ಬರೀ ನೀರಲ್ಲಿ ನಡೀತೀನಿ" ಎಂದು ಹೊಸಬರ ಮುಂದೆ ಕೊಚ್ಚಿಕೊಳ್ಳುತ್ತಾನೆ. ಅಷ್ಟು ಕೊಚ್ಚಿಕೊಂಡವನು ಬೇರೆಯವರ ಹತ್ತಿರ ಬೇಡುವುದಿಲ್ಲ. ಅದು ನನಗೆ ಗೊತ್ತು.

ನೀನು ಎಲ್ಲರ ಪೊಟ್ಟಣಗಳನ್ನು ಚೆನ್ನಾಗಿ ಮಾಡು. ಬೆಟ್ಟ ಹತ್ತುವವರಿಗೆ ಒಂದೇ ಸಲ ಹೊಟ್ಟೆ ಬಿರಿಯುವ ಊಟ ಬೇಡ. ನಡೆಯುತ್ತ ನಡೆಯುತ್ತ ಸ್ವಲ್ಪ ಸ್ವಲ್ಪ ಬಾಯಿಗೆ ಹಾಕಿಕೊಳ್ಳುವಂಥದ್ದಿರಲಿ. ಕಡಲೆಕಾಯಿ, ಎಳ್ಳು, ಕೊಬ್ಬರಿಯಲ್ಲಿ ಎಣ್ಣೆಯಂಶ ಇರುವುದರಿಂದ ಹಿಡಿಯಷ್ಟು ತಿಂದರೂ ಶಕ್ತಿ ಬಹಳ ಹೊತ್ತು ನಿಲ್ಲುತ್ತದೆ. ಬೆವರಿನಲ್ಲಿ ಹೋಗುವ ಉಪ್ಪಿಗೆ ನಿಂಬೆಕಾಯಿ ಒಣಗಿಸಿ ಉಪ್ಪು ಹಾಕು. ರಾತ್ರಿಗೆ ಹುರುಳಿ ಸಾರು, ಅವಲಕ್ಕಿ. ಯಾರಿಗೂ ಒಂದು ತುತ್ತೂ ಕಡಿಮೆ ಆಗಬಾರದು.

ಅವನೊಬ್ಬನ ಪೊಟ್ಟಣಗಳು ಬೇರೆ. ಅದರಲ್ಲಿ ಏನು ತುಂಬಬೇಕು ಎಂದು ನೀನೇ ಯೋಚಿಸು. ವಿಷ ಬೇಡ, ಅನ್ನವೂ ಬೇಡ.

ರಮ್ಯ


ಚಿನಕುರಳಿ
24 ನವೆಂಬರ್ 2024

ರಮ್ಯಾ,

ಬಾಟ್ಲಿ ಹೂತೆ.

ಚೀಲಗಳನ್ನು ನಾಗಮಂಗಲದ ಬಸ್ಸಿಗೆ ಹಾಕಿಸಿದ್ದೇನೆ. ಬಿಳಿ ದಾರ ಕಟ್ಟಿದ್ದೆಲ್ಲ ಮಿಕ್ಕವರದು. ಈ ಸಲದ ಹುರಿಹಿಟ್ಟು ಬಹಳ ಚೆನ್ನಾಗಿ ಬಂದಿದೆ. ಎಳ್ಳು ಬೆಲ್ಲದ ಉಂಡೆ ಗಟ್ಟಿ ಕಟ್ಟಿದ್ದೇನೆ, ಚೀಲದಲ್ಲಿ ಪುಡಿಯಾಗುವುದಿಲ್ಲ. ನುಗ್ಗೆಸೊಪ್ಪು ನೆರಳಲ್ಲಿ ಒಣಗಿಸಿ ಸಾರಿನ ಪುಡಿಗೆ ಸೇರಿಸಿದೆ. ನೀನು ಹೇಳಿದ ನಿಂಬೆಕಾಯಿಯೂ ಇದೆ.

ಕಪ್ಪು ದಾರದ್ದು ಅವನದು. ಅದರಲ್ಲಿ ತೌಡು. ನಮ್ಮ ಸೀಮೆಹಸುವಿಗೆ ಹಾಕುವ ಅದೇ ತೌಡನ್ನು ಜರಡಿ ಹಿಡಿದು, ಬಣ್ಣ ಬರುವಷ್ಟು ಹುರಿದಿದ್ದೇನೆ. ನೋಡಿದರೆ ಹುರಿಹಿಟ್ಟೇ. ಹಸು ಮೂಸಿ ನೋಡಿತು, ಕೊಡಲಿಲ್ಲ ಅದಕ್ಕೆ.

ನಿಮ್ಮಪ್ಪ ಬಂದು ನಿಂತು, "ಯಾರ್ಗೆ ಇಷ್ಟೊಂದು ಮಾಡ್ತಿದ್ದೀಯೆ?" ಅಂದರು. "ಬೆಟ್ಟಕ್ಕೆ ಓಗೋರಿಗೆ" ಅಂದೆ. ಮುಖ ಸಣ್ಣಗೆ ಮಾಡಿಕೊಂಡು ಆಚೆ ಹೋದರು. ಆ ಮನುಷ್ಯ ದನದ ಕೊಟ್ಟಿಗೆಯಲ್ಲಿ ಒಬ್ಬರೇ ಕೂತು ಅಳುತ್ತಾರೆ. ನನಗೆ ಗೊತ್ತು. ಹೋಗಿ ಪಕ್ಕ ಕೂರಲು ನನಗೆ ಆಗುವುದಿಲ್ಲ.

ಬಿಡಬೇಡ ಅವನನ್ನು.

ಪುಟ್ಟಗೌರಮ್ಮ


ಬೆಳ್ಳೂರು ಕ್ರಾಸ್
16 ಡಿಸೆಂಬರ್ 2024

ಅವ್ವಾ,

ಮೊನ್ನೆ ಇಳಿದು ಬಂದೆವು. ಆದದ್ದನ್ನು ಆದ ಹಾಗೇ ಬರೆಯುತ್ತೇನೆ. ಓದಿ ನನಗೆ ಶಾಪ ಹಾಕಬಹುದು.

ಮೊದಲ ದಿನ ಎಲ್ಲರೂ ದಾರಿಯ ಹೋಟೆಲಿನ ಬುತ್ತಿ ತಿಂದರು. ಎರಡನೇ ದಿನ ಬೆಳಿಗ್ಗೆ ಪೊಟ್ಟಣಗಳು ಬಿಚ್ಚಿದವು. ಮಿಕ್ಕವರು ಬಾಯಿ ಚಪ್ಪರಿಸಿ ತಿನ್ನುತ್ತಿದ್ದರೆ ಮಂಜುನಾಥ ಒಂದು ತುತ್ತು ಇಟ್ಟವನೇ ಆಚೆ ಹೋಗಿ ಉಗಿದ. ನನ್ನ ಹತ್ತಿರ ಬಂದು ಮೆಲ್ಲಗೆ, "ಇದೇನ್ರೀ, ಕೆಟ್ಟೋಗದೆ?" ಅಂದ.

"ಒಂದು ಹಾಗಾಗಿರಬಹುದು ಸಾರ್, ಇನ್ನೊಂದು ನೋಡಿ" ಅಂದೆ.

ಅದೂ ಅದೇ. ಮಧ್ಯಾಹ್ನದ್ದೂ ಅದೇ. ಗುಂಪಿನ ಸ್ನೇಹ ಎಂಬ ಹುಡುಗಿ ತನ್ನ ಉಂಡೆ ಕೊಡಲು ಬಂದಳು. ದಾರಿ ಬಲ್ಲವಳು, ಗುಂಪಿನಲ್ಲಿ ಇವನ ನಂತರ ಅವಳೇ. "ನಂಗೆ ಅಸಿವಿಲ್ಲ, ನಡೀರಿ" ಅಂದ. ನಾನು ಅಂದುಕೊಂಡ ಹಾಗೆಯೇ. ಆಮೇಲಿನದು ಬರೀ ಏರು. ಇವನು ಎಲ್ಲರಿಗಿಂತ ಮುಂದೆ ನಡೆಯುವವನು, ನಡುವಿಗೆ ಬಂದ, ಆಮೇಲೆ ಕೊನೆಗೆ ಬಂದ. ಕಾಲು ಎಡವಲು ಶುರುವಾಯಿತು. ನೇರಳೆ ಮರ ಕಂಡಾಗ ನಾನೇ "ಇವರು ಸ್ವಲ್ಪ ಸುಧಾರಿಸಿಕೊಳ್ಳಬೇಕು, ನೀವು ಮುಂದೆ ಹೋಗಿ" ಎಂದು ಸ್ನೇಹಳ ಜೊತೆ ಎಲ್ಲರನ್ನೂ ಕಳಿಸಿದೆ.

ಬಂಡೆಗೆ ಒರಗಿಸಿದೆ. ನಾನು ಎದುರಿಗೆ ಕೂತು ನನ್ನ ಪೊಟ್ಟಣ ಬಿಚ್ಚಿ ತಿಂದೆ. ನಿಧಾನವಾಗಿ ತಿಂದೆ. ಅವನು ನನ್ನ ಕೈಯನ್ನೇ ನೋಡುತ್ತಿದ್ದ.

"ಒಂದೆರಡು ತುತ್ತು ಇದ್ರೆ..." ಅಂದ ಕೊನೆಗೆ.

"ಸುಸ್ತು ಅಷ್ಟೆ" ಅಂದೆ. "ಕುಂತಿರು. ವಾಪಸ್ ಬತ್ತಾ ಕರ್ಕೊಂಡೋಯ್ತೀವಿ."

ಮರ ನೋಡಿದ, ಬಂಡೆ ನೋಡಿದ. "ಯಾರ್ ನೀವು?" ಅಂದ.

"ದಿಲೀಪನ ಅಕ್ಕ. ಬೆಳಿಗ್ಗೆಯಿಂದ ನೀವು ಉಗುಳಿದ್ದು ಅವನ ತಾಯಿ ಹುರಿದು ಕಳಿಸಿದ ತೌಡು."

ಅವ್ವಾ, ಆ ಗಳಿಗೆಗಾಗಿ ನಾನು ಎಷ್ಟು ತಿಂಗಳು ಕಾದಿದ್ದೆ! ಅವನು ವಾದ ಮಾಡುತ್ತಾನೆ, ಬೆದರಿಸುತ್ತಾನೆ, ಆಗ ನಾನು ಎದ್ದು ಬಿಟ್ಟು ಹೋಗಿಬಿಡುತ್ತೇನೆ ಎಂದುಕೊಂಡಿದ್ದೆ. ಅವನು ಏನೂ ಮಾಡಲಿಲ್ಲ. "ಆ ಗಂಟು ನಾನೇ ತಗ್ದಿದ್ದು" ಅಂದ. "ಕಾಯ್ಲೆ ಅಂತಾನೂ ಯೋಳಿದ್ದ. ಜನದ ಮುಂದೆ ನಗ್ಸಕ್ಕೋಗಿ ನಂಗದು ತಲೆಗೇ ಓಗ್ಲಿಲ್ಲ. ಸತ್ತೋದ ಮ್ಯಾಲೆ ಭಯ ಆಯ್ತು. ಬಾಯಿಗೆ ಬಂದಿದ್ದು ಯೋಳ್ಬುಟ್ಟೆ."

ನಾನು ಎದ್ದು ನಿಂತೆ. ಚೀಲ ಹೆಗಲಿಗೇರಿಸಿದೆ. ಹೊರಡಬೇಕು. ಆಗ ಅವನ ಬೆರಳುಗಳು ಕಂಡವು. ನಡುಗುತ್ತಿದ್ದವು, ದಿಲೀಪನಿಗೆ ಸ್ಕೂಲಿಗೆ ಹೊರಟಾಗ ಸಕ್ಕರೆ ಇಳಿದರೆ ನಡುಗುತ್ತಿದ್ದ ಹಾಗೇ. ನೀನು ಕೂಗುತ್ತಿದ್ದೆ, ನಾನು ಓಡಿ ಅವನ ಬಾಯಿಗೆ ಬೆಲ್ಲ ತುರುಕುತ್ತಿದ್ದೆ. ಎಷ್ಟು ವರ್ಷ ಮಾಡಿದ ಕೆಲಸ ಅದು! ನೋಡುವಷ್ಟರಲ್ಲಿ ನಾನು ಇವನ ಮುಂದೆ ಮೊಣಕಾಲೂರಿ, ಎಳ್ಳುಂಡೆ ಮುರಿದು ಬಾಯಿಗೆ ಇಟ್ಟುಬಿಟ್ಟಿದ್ದೆ. ಅವನು ನುಂಗಿ, ಗೊಳೋ ಎಂದು ಅತ್ತ.

ನನ್ನ ಮೇಲೆ ನನಗೇ ಅಸಹ್ಯವಾಯಿತು. ಈಗಲೂ ಆಗುತ್ತಿದೆ. ಕೈ ತೊಳೆದುಕೊಂಡೆ, ಆ ಅಸಹ್ಯ ಹೋಗಲಿಲ್ಲ.

ಇಳಿಯುವ ದಾರಿಯಲ್ಲಿ "ಏನ್ ಮಾಡ್ಲಿ?" ಎಂದು ಕೇಳಿದ. "ಚಿನಕುರಳಿಯಲ್ಲಿ ನೀನು ಹಬ್ಬಿಸಿದ ಸುಳ್ಳು ಇನ್ನೂ ನನ್ನ ತಾಯಿಯ ತಲೆಯ ಮೇಲಿದೆ, ಅದನ್ನು ಇಳಿಸು" ಅಂದೆ.

ರಮ್ಯ


ಚಿನಕುರಳಿ
26 ಡಿಸೆಂಬರ್ 2024

ರಮ್ಯಾ,

ಉಣಿಸಿಬಿಟ್ಟೆಯಲ್ಲೇ.

ತಮ್ಮನಿಗೆ ಇಟ್ಟ ಕೈಯಲ್ಲಿ ಅವನಿಗೂ ಇಟ್ಟೆ. ನಿನ್ನನ್ನು ಬೈದು ಒಂದು ಕಾಗದ ಬರೆದೆ, ಹರಿದೆ. ಇನ್ನೊಂದು ಬರೆದೆ, ಅದನ್ನೂ ಹರಿದೆ. ಮೂರನೆಯದು ಇದು.

ನಿನ್ನ ಲೆಕ್ಕ ತೀರಿರಬಹುದು. ನನ್ನದು ತೀರಿಲ್ಲ. ಮಾಘ ಮಾಸದಲ್ಲಿ ದಿಲೀಪನ ವರ್ಷದ ತಿಥಿ. ಅವನನ್ನು ಕಳಿಸು.

ಪುಟ್ಟಗೌರಮ್ಮ


ಬೆಳ್ಳೂರು ಕ್ರಾಸ್
12 ಜನವರಿ 2025

ಪೂಜ್ಯ ತಾಯಿಯವರಾದ ಪುಟ್ಟಗೌರಮ್ಮನವರಿಗೆ,

ನಾನು ಮಂಜುನಾಥ. ನಿಮಗೆ ಬರೆಯುವ ಯೋಗ್ಯತೆ ನನಗಿಲ್ಲ. ನಿಮ್ಮ ಮಗನ ತಿಥಿಯ ದಿನ ಬಂದು, ನಿಮ್ಮ ಊರಿನವರ ಮುಂದೆ ನಿಜ ಹೇಳಬೇಕೆಂದು ರಮ್ಯ ಅವರು ಹೇಳಿದ್ದಾರೆ. ನೀವು ಒಪ್ಪಿದರೆ ಬರುತ್ತೇನೆ. ಊರಿನವರು ಹೊಡೆದರೂ ಸರಿ. ಬೇಡವೆಂದರೆ ನಿಮ್ಮ ಬಾಗಿಲು ತುಳಿಯುವುದಿಲ್ಲ.

ನಿಮ್ಮ ಉತ್ತರಕ್ಕೆ ಕಾಯುವ,
ಮಂಜುನಾಥ


ಚಿನಕುರಳಿ
20 ಜನವರಿ 2025

ಮಂಜುನಾಥ ಅವರಿಗೆ,

ಬನ್ನಿ. ಊಟದ ಹೊತ್ತಿಗೆ ಬನ್ನಿ.

ಪುಟ್ಟಗೌರಮ್ಮ


ಬೆಳ್ಳೂರು ಕ್ರಾಸ್
2 ಫೆಬ್ರವರಿ 2025

ಅವ್ವಾ,

ತಿಥಿಗೆ ನಾನು ಬರಲು ಆಗುತ್ತಿಲ್ಲ. ಅದೇ ವಾರ ಕಾಲೇಜು ಹುಡುಗರ ದೊಡ್ಡ ಗುಂಪು ಘಟ್ಟಕ್ಕೆ ಹೋಗುತ್ತಿದೆ. ಅವನು ಇನ್ನು ಬೆಟ್ಟ ಹತ್ತುವುದಿಲ್ಲವಂತೆ, ಸ್ನೇಹ ಮತ್ತು ನಾನು ಕರೆದುಕೊಂಡು ಹೋಗಬೇಕು. ಅವರಲ್ಲಿ ಒಬ್ಬಳಿಗೆ ದಿಲೀಪನದೇ ಕಾಯಿಲೆ. ಬೇರೆಯವರ ಕೈಗೆ ಒಪ್ಪಿಸಿ ಬರಲು ಮನಸ್ಸಾಗಲಿಲ್ಲ.

ಅವನನ್ನು ಒಬ್ಬನನ್ನೇ ಕಳಿಸುತ್ತಿದ್ದೇನೆ. ಏನು ಮಾಡಬೇಕೆಂದಿದ್ದೀಯೋ ನೀನು ಬರೆದಿಲ್ಲ, ನಾನೂ ಕೇಳುವುದಿಲ್ಲ.

ರಮ್ಯ


ಚಿನಕುರಳಿ
17 ಫೆಬ್ರವರಿ 2025

ರಮ್ಯಾ,

ಬಂದ. ಜೀಪು ತರಲಿಲ್ಲ. ಬಸ್ಸಿಳಿದು ತಲೆ ತಗ್ಗಿಸಿಕೊಂಡು ನಡೆದು ಬಂದ. ನಾನು ದೊಡ್ಡ ರಾಕ್ಷಸನನ್ನು ನೆನೆಸಿಕೊಂಡಿದ್ದೆ. ಸಾಧಾರಣ ಮನುಷ್ಯ. ಚಪ್ಪಲಿ ಬಾಗಿಲ ಆಚೆಯೇ ಬಿಟ್ಟ. ನನ್ನ ಕಾಲಿಗೆ ಬೀಳಲು ಬಂದ, ನಾನು ಹಿಂದೆ ಸರಿದೆ.

ಎಡೆ ಇಟ್ಟು ಪೂಜೆ ಆಯಿತು. ಅಂಗಳದಲ್ಲಿ ಚಪ್ಪರ ಹಾಕಿಸಿ ಎರಡು ಸಾಲು ಎಲೆ ಹಾಕಿಸಿದ್ದೆ. ಊರಿನ ಅರ್ಧ ಜನ ಇದ್ದರು. ಅವನನ್ನು ಸಾಲಿನ ನಡುವೆ ಕೂರಿಸಿದೆ. ಎದುರು ಸಾಲಿನಲ್ಲಿ, ಸರಿಯಾಗಿ ಅವನ ಮುಂದೆ, ನಿಮ್ಮಪ್ಪನನ್ನು ಕೂರಿಸಿದೆ. ಬಡಿಸಲು ಹೆಂಗಸರು ಬಂದರು, ಬೇಡ ಅಂದೆ. ನಾನೇ ಬಡಿಸಿದೆ.

ಪಾಯಸ, ಪಲ್ಯ, ಕೋಸಂಬರಿ, ವಡೆ, ಮುದ್ದೆ, ಸಾರು. ಪ್ರತಿ ಸಲವೂ ಅವನ ಎಲೆ ದಾಟಿ ಹೋದೆ. ನಿಮ್ಮಪ್ಪನ ಎಲೆಯನ್ನೂ ದಾಟಿ ಹೋದೆ. ಪಾಯಸ ಬಿಟ್ಟಾಗ ನಿಮ್ಮಪ್ಪ ಮರೆತೆನೆಂದುಕೊಂಡರು. ಮುದ್ದೆ ಬಿಟ್ಟಾಗ ತಲೆ ಎತ್ತಿ ನನ್ನ ಮುಖ ನೋಡಿದರು. ಆಮೇಲೆ ತಲೆ ಎತ್ತಲಿಲ್ಲ.

ಅಣ್ಣಮ್ಮ ಸುಮ್ಮನಿರುತ್ತಾಳೆಯೇ? "ಅಯ್ಯೋ ಗೌರವ್ವ, ಎರಡೆಲೆ ಮರ್ತ್ಬುಟ್ಟಲ್ಲವ್ವ!" ಅಂದಳು.

"ಮರ್ತಿಲ್ಲ ಕಣಕ್ಕ" ಅಂದೆ.

ಉಣ್ಣುತ್ತಿದ್ದವರೆಲ್ಲ ಈ ಕಡೆ ತಿರುಗಿದರು. ಆಗ ಅವನು ಎದ್ದು ನಿಂತು ಕೈ ಮುಗಿದ. "ದಿಲೀಪನ ತಾಯಿ ಬುತ್ತಿ ಕಟ್ಟಿದ್ರು. ಕಿತ್ಕೊಂಡೋನು ನಾನು. ಕಾಯ್ಲೆ ಅದೆ ಅಂತ ಅವ್ನು ಯೋಳಿದ್ದ. ಬುಟ್ಟು ಓದೋನು ನಾನು. ಇವ್ರ ಮೇಲೆ ಸುಳ್ಳು ಒರ್ಸಿದೋನೂ ನಾನೇ" ಅಂದ. ಇಷ್ಟೇ. ಜಾಸ್ತಿ ಬಣ್ಣ ಹಚ್ಚಲಿಲ್ಲ.

ಅಣ್ಣಮ್ಮನ ಕೈಯಲ್ಲಿ ಮುರಿದ ಮುದ್ದೆ ಹಾಗೇ ನಿಂತಿತು. ದಿಲೀಪನ ಜೊತೆ ಓದಿದ ಹುಡುಗರು ನಾಲ್ಕೈದು ಜನ ಎಲೆ ಬಿಟ್ಟು ಎದ್ದರು. ಒಬ್ಬ ಅವನ ಕತ್ತುಪಟ್ಟಿಗೆ ಕೈ ಹಾಕಿದ.

"ಕುಂತ್ಕೊಳ್ರಲಾ!" ಅಂದೆ. ನನ್ನ ಗಂಟಲಿನಿಂದ ಅಷ್ಟು ಜೋರು ದನಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. "ನನ್ ಮಗನ ಎಸ್ರಿನ ಅನ್ನ ಇದು. ಒಂದಗುಳು ಬುಡ್ದಂಗೆ ಉಣ್ಬೇಕು ಎಲ್ರೂ."

ಕೂತರು. ಉಂಡರು. ಅವನೂ ಬರಿಯ ಎಲೆಯ ಮುಂದೆ ಮತ್ತೆ ಕೂತ. ಆ ಕಡೆ ಈ ಕಡೆ ಸಾರು ಸುರಿಯುವ ಸದ್ದು. ನಾನು ಎರಡನೇ ಸಲ ಅನ್ನ ಬಡಿಸಿದೆ, ಮಜ್ಜಿಗೆ ಬಡಿಸಿದೆ, ಬೇಕಾ ಬೇಕಾ ಎಂದು ಎಲ್ಲರನ್ನೂ ಕೇಳಿದೆ. ಅವನ ಹತ್ತಿರ ಬಂದಾಗ ಪ್ರತಿ ಸಲ ಒಂದು ಗಳಿಗೆ ನಿಂತು, ಮುಂದೆ ಹೋದೆ. ಅವನು ಎಲೆಯ ಮೇಲೆ ನೀರು ಚಿಮುಕಿಸಿ ಒರೆಸುತ್ತಿದ್ದ, ಮತ್ತೆ ಒರೆಸುತ್ತಿದ್ದ. ನನಗೆ ಸಂತೋಷವಾಯಿತು ರಮ್ಯಾ. ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ, ಸಂತೋಷವೇ ಆಯಿತು.

ಎಲ್ಲರೂ ಕೈ ತೊಳೆಯಲು ಎದ್ದರು. ಅಣ್ಣಮ್ಮ ನನ್ನ ಮುಖ ನೋಡದೆ ಹೋದಳು. ನಾಳೆ ಡೈರಿಯಲ್ಲಿ ನೋಡುತ್ತಾಳೆ. ಸಾಲಿನಲ್ಲಿ ಇವರಿಬ್ಬರೇ ಉಳಿದರು. ನಿಮ್ಮಪ್ಪ ಎಲೆಯನ್ನೇ ನೋಡುತ್ತ, "ನಾನ್ ಅಂಗ್ ಕೇಳ್ಬಾರ್ದಿತ್ತು ಕಣೆ ಗೌರಿ" ಅಂದರು. ಮದುವೆಯಾದ ಹೊಸದರಲ್ಲಿ ಕರೆದ ಹೆಸರು ಅದು.

ಒಳಗೆ ಹೋಗಿ ಮುದ್ದೆ ತಂದು ಅವರ ಎಲೆಗೆ ಹಾಕಿದೆ. ಸಾರು ಬಿಟ್ಟೆ. ಉಂಡರು. ಕಣ್ಣೀರು ಸಾರಿಗೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನೂ ಪಕ್ಕದಲ್ಲಿ ಕೂತೆ.

ಅವನಿಗೆ ಬಡಿಸಲಿಲ್ಲ. ಬಡಿಸುತ್ತೇನೆಂದು ನೀನು ಅಂದುಕೊಂಡಿರಬಹುದು. ನಿನ್ನ ಕೈ ನಿನ್ನ ಮಾತು ಕೇಳಲಿಲ್ಲ; ನನ್ನದು ಕೇಳಿತು.

ನಿಮ್ಮಪ್ಪ ಉಂಡು ಮುಗಿಸುವವರೆಗೂ ಅವನು ಅಲ್ಲಾಡಲಿಲ್ಲ. ಆಮೇಲೆ "ತಾಯಿ, ನಾನು ಒರಡ್ಲಾ?" ಅಂದ.

"ಎಲೆ ಎತ್ತಿ ಓಗಪ್ಪ" ಅಂದೆ.

ಬರಿಯ ಎಲೆಯನ್ನು ಉಂಡವರ ಹಾಗೆ ಮಡಿಸಿದ. ಎಲ್ಲಿ ಹಾಕಬೇಕೆಂದು ತಿಳಿಯದೆ ನಿಂತ. ತಿಪ್ಪೆ ತೋರಿಸಿದೆ. ಹಾಕಿ, ಕೈ ತೊಳೆದು, ಚಪ್ಪಲಿ ಮೆಟ್ಟಿಕೊಂಡು ಬಸ್ಸಿನ ಕಡೆ ಹೋದ.

ಹಸಿದೇ ಹೋದ. ಪಾಂಡವಪುರದಲ್ಲೋ ಬೆಳ್ಳೂರಿನಲ್ಲೋ ಏನಾದರೂ ತಿಂದಿರುತ್ತಾನೆ. ಲೋಕದಲ್ಲಿ ಹೋಟೆಲುಗಳಿಗೇನು ಬರವೇ? ಆದರೆ ಇನ್ನು ಮುಂದೆ ಯಾರ ಮನೆಯ ಸಾಲಿನಲ್ಲಿ ಕೂತರೂ, ಬಡಿಸುವವಳು ಹತ್ತಿರ ಬರುವಾಗ ಅವನ ಎದೆ ಒಂದು ಸಲ ನಿಂತು ಹೊಡೆದುಕೊಳ್ಳುತ್ತದೆ. ಅಷ್ಟನ್ನು ನಾನು ಅವನಿಗೆ ಕಟ್ಟಿ ಕಳಿಸಿದ್ದೇನೆ. ಅದನ್ನು ಅವನ ಚೀಲದಿಂದ ಯಾರೂ ತೆಗೆಯಲಾರರು.

ನಿನ್ನ ಅವ್ವ
ಪುಟ್ಟಗೌರಮ್ಮ